ಜಿರೋಂದ್ ಅಳಿವೆ ಸುತ್ತುವುದು ಹೇಗೆ? ಮೊದಲು ನೀರಿನ ವೇಳಾಪಟ್ಟಿ ನೋಡಿ

ಫ್ರಾನ್ಸ್ ಪ್ರವಾಸ ಎಂದರೆ ಸಾಮಾನ್ಯವಾಗಿ ಪ್ಯಾರಿಸ್‌ನಲ್ಲಿ ಎರಡು ದಿನ, ಅಲ್ಲಿಂದ ಸೀದಾ ಸ್ವಿಟ್ಜರ್ಲೆಂಡ್. ದೇಶದ ನೈಋತ್ಯ ಮೂಲೆಯಲ್ಲಿರುವ ಜಿರೋಂದ್ ಅಳಿವೆಯ ಕಡೆಗೆ ನಮ್ಮವರು ಹೋಗುವುದು ಕಡಿಮೆ. ಗರೋನ್ ಮತ್ತು ದೋರ್ದೋನ್ ನದಿಗಳು ಬೊರ್ದೋ ನಗರದಿಂದ ಸ್ವಲ್ಪ ಕೆಳಗೆ ಸೇರುತ್ತವೆ. ಅಲ್ಲಿಂದ ಅಟ್ಲಾಂಟಿಕ್ ಸಾಗರದವರೆಗೆ ಸುಮಾರು 75 ಕಿಲೋಮೀಟರ್ ಉದ್ದದ ಅಳಿವೆ ಇದು. ಪಶ್ಚಿಮ ಯುರೋಪಿನಲ್ಲೇ ಅತಿ ದೊಡ್ಡದು. ಕೋಟೆ, ದೀಪಸ್ತಂಭ, ಬಂಡೆಯ ಮೇಲಿನ ಚರ್ಚ್, ಹಕ್ಕಿಗಳ ಜೌಗು, ಎಲ್ಲವೂ ಇದರ ಎರಡು ದಡಗಳಲ್ಲಿವೆ. ನಾಲ್ಕು ದಿನ ಇದ್ದರೆ ನೆಮ್ಮದಿಯಾಗಿ ನೋಡಬಹುದು.

ಆದರೆ ಇಲ್ಲಿ ನಕ್ಷೆ ಹಿಡಿದು ಪ್ಲಾನ್ ಮಾಡಿದರೆ ಕೆಲಸ ಕೆಡುತ್ತದೆ. ಯಾವ ಜಾಗಕ್ಕೆ ಯಾವಾಗ ಹೋಗಬೇಕು ಎಂದು ಹೇಳುವುದು ಉಬ್ಬರ ಮತ್ತು ಇಳಿತ.

ಮೊದಲು ಇಳಿತದ ಹೊತ್ತು ಬರೆದುಕೊಳ್ಳಿ

ಹೋಟೆಲ್ ಬುಕ್ ಮಾಡುವುದಕ್ಕೂ ಮುಂಚೆ ರೊಯಾನ್ ಊರಿನ ಉಬ್ಬರ-ಇಳಿತದ ಪಟ್ಟಿ ತೆಗೆಯಿರಿ. ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಅಲ್ಲಿನ ಪ್ರವಾಸಿ ಕಚೇರಿಗಳಲ್ಲೂ ಕೊಡುತ್ತಾರೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಹಾಗಾಗಿ ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಇದ್ದ ಇಳಿತ ಮೂರು ದಿನ ಕಳೆದರೆ ಹೆಚ್ಚುಕಡಿಮೆ ಹನ್ನೊಂದೂವರೆಗೆ ಬರುತ್ತದೆ.

ಪಟ್ಟಿಯಲ್ಲಿ ಹೊತ್ತಿನ ಪಕ್ಕ 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ. ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಎಷ್ಟು ದೊಡ್ಡದು ಎಂದು ಅದು ಹೇಳುತ್ತದೆ. 70ರ ಆಸುಪಾಸು ಸಾಮಾನ್ಯ, 90 ದಾಟಿದರೆ ಜೋರು. ಇದನ್ನು ಅಂದಾಜು ಮಾಡಲು ಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಅಂಕಿ ಏರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ವಾರಗಳ ಸುತ್ತಮುತ್ತ ಇನ್ನೂ ಜಾಸ್ತಿ. ಒಂದು ಎಚ್ಚರ: ಕೆಲವು ಪಟ್ಟಿಗಳು ಚಳಿಗಾಲದ ಗಡಿಯಾರಕ್ಕೆ ತಕ್ಕಂತೆ ಇರುತ್ತವೆ. ಬೇಸಿಗೆಯಲ್ಲಿ ಹೋಗುವವರು ಅದಕ್ಕೆ ಒಂದು ಗಂಟೆ ಸೇರಿಸಿಕೊಳ್ಳಬೇಕು.

ಎರಡು ಕಡೆ ಉಳಿದುಕೊಳ್ಳಿ

ಪ್ಯಾರಿಸ್‌ನಿಂದ ಬೊರ್ದೋಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ವಿಮಾನ ಕಂಪನಿ ಕೆಲಸಕ್ಕೆಂದು ತುಲೂಸ್‌ನಲ್ಲಿರುವ ಕನ್ನಡಿಗರಿಗೆ ಇನ್ನೂ ಸಲೀಸು, ಅವರ ಊರಿನ ಗರೋನ್ ನದಿಯೇ ಇಲ್ಲಿಗೆ ಹರಿದು ಬರುವುದು. ಎರಡು ರಾತ್ರಿ ಬೊರ್ದೋದಲ್ಲಿ, ಎರಡು ರಾತ್ರಿ ಅಳಿವೆಯ ಬಾಯಿಯಲ್ಲಿರುವ ರೊಯಾನ್‌ನಲ್ಲಿ ಇದ್ದರೆ ಓಡಾಟ ಕಡಿಮೆಯಾಗುತ್ತದೆ. ಬೊರ್ದೋದಿಂದ ರೊಯಾನ್‌ಗೆ ಸೈಂತ್ ಊರಿನ ಮೇಲೆ ರೈಲು ಇದೆ. ಹಳ್ಳಿಗಳಿಗೆ ಬಸ್ಸು ವಿರಳ, ಅದರಲ್ಲೂ ಭಾನುವಾರ. ಆದ್ದರಿಂದ ಒಂದೆರಡು ದಿನಕ್ಕಾದರೂ ಬಾಡಿಗೆ ಕಾರು ತೆಗೆದುಕೊಳ್ಳಿ.

ಊಟದ ವಿಷಯ ಈಗಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಸಣ್ಣ ಊರುಗಳ ಹೋಟೆಲುಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ, ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ಸಸ್ಯಾಹಾರಿಗಳು ಬೆಳಿಗ್ಗೆಯೇ ಬ್ರೆಡ್, ಚೀಸ್, ಹಣ್ಣು ಕಟ್ಟಿಕೊಂಡು ಹೊರಡಿ. ಬೊರ್ದೋದ ಪ್ರಸಿದ್ಧ ಕನಲೆ ಎಂಬ ಸಣ್ಣ ಕೇಕಿನಲ್ಲಿ ಮೊಟ್ಟೆಯೂ ಇದೆ, ರಮ್ಮೂ ಇದೆ. ಮೀನು ತಿನ್ನುವವರು ಸೋಂಪು ಹಾಕಿ ಬೇಯಿಸಿದ ಅಳಿವೆಯ ಬಿಳಿ ಸಿಗಡಿ ಕೇಳಿ.

ಬ್ಲಾಯ್ ಕೋಟೆ: ಎರಡೂ ದಡ ನೋಡಿದರೇ ಅರ್ಥವಾಗುವುದು

ಬೊರ್ದೋದಿಂದ ಬಲದಂಡೆಯ ಬ್ಲಾಯ್ ಊರಿಗೆ ಹೋಗಿ. ಹದಿನಾಲ್ಕನೇ ಲೂಯಿ ರಾಜನ ಕೋಟೆ ಎಂಜಿನಿಯರ್ ವೊಬಾನ್ 1680ರ ದಶಕದಲ್ಲಿ ಇಲ್ಲಿ ದೊಡ್ಡ ಕೋಟೆ ಕಟ್ಟಿಸಿದ. ಒಳಗೆ ಹೋಗಲು ಟಿಕೆಟ್ ಇಲ್ಲ. ಜನ ಇಂದಿಗೂ ಒಳಗೆ ಮನೆ ಮಾಡಿಕೊಂಡಿದ್ದಾರೆ. 1832ರಲ್ಲಿ ರಾಜ ಲೂಯಿ ಫಿಲಿಪ್ ವಿರುದ್ಧ ದಂಗೆ ಎಬ್ಬಿಸಲು ಹೋಗಿ ಸಿಕ್ಕಿಬಿದ್ದ ಬೆರ್ರಿಯ ಡಚೆಸ್‌ಳನ್ನು ಸೆರೆಯಲ್ಲಿಟ್ಟದ್ದು ಇಲ್ಲೇ. ಮರುವರ್ಷ ಆಕೆ ಇಲ್ಲೇ ಮಗುವನ್ನು ಹೆತ್ತಳು.

ನದಿ ಕಡೆಯ ಗೋಡೆಯ ಮೇಲೆ ನಿಂತು ಎದುರಿಗೆ ನೋಡಿ. ಆಚೆ ದಡ ಸುಮಾರು ಮೂರು ಕಿಲೋಮೀಟರ್ ದೂರ. ಆ ಕಾಲದ ಫಿರಂಗಿ ಗುಂಡು ಅಷ್ಟು ದೂರ ಹೋಗುತ್ತಿರಲಿಲ್ಲ. ಬ್ಲಾಯ್‌ನಲ್ಲಿ ಎಷ್ಟೇ ಫಿರಂಗಿ ಇಟ್ಟರೂ ಶತ್ರು ಹಡಗು ಆಚೆ ಬದಿಯಿಂದ ನುಸುಳಿ ಬೊರ್ದೋ ಸೇರಬಹುದಿತ್ತು. ಅದಕ್ಕೆ ವೊಬಾನ್ ನಡುನೀರಿನ ದ್ವೀಪದಲ್ಲಿ ಮೊಟ್ಟೆಯಾಕಾರದ ಒಂದು ದಪ್ಪ ಬುರುಜು, ಎದುರು ದಡದಲ್ಲಿ ಇನ್ನೊಂದು ಕೋಟೆ ಎಬ್ಬಿಸಿದ. ಮೂರೂ ಕಡೆಯಿಂದ ಗುಂಡು ಹಾರಿಸಿದರೆ ನದಿಗೇ ಬೀಗ ಬಿದ್ದಂತೆ. 2008ರಲ್ಲಿ ವೊಬಾನ್‌ನ ಇತರ ಕೋಟೆಗಳ ಜೊತೆ ಈ ಮೂರೂ ಯುನೆಸ್ಕೊ ಪಟ್ಟಿ ಸೇರಿದವು.

ಬ್ಲಾಯ್ ನೋಡಿ ವಾಪಸ್ ಬರುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಕೆಳಗಿನ ಬಂದರಿನಿಂದ ಎದುರಿನ ಲಾಮಾರ್ಕ್‌ಗೆ ಫೆರಿ ಹೋಗುತ್ತದೆ, ಕಾರು, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. ಹೊರಡುವ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ. ದಾರಿಯಲ್ಲಿ ದ್ವೀಪದ ಬುರುಜು ಕಾಣುತ್ತದೆ. ಇಳಿದು ಪಕ್ಕದ ಊರಿನ ಮೆದೋಕ್ ಕೋಟೆಗೆ ಹೋದರೆ ಹೆಬ್ಬಾಗಿಲ ಮೇಲೆ ಲೂಯಿ ರಾಜನ ಗುರುತಾದ ಸೂರ್ಯನ ಕೆತ್ತನೆ ಇದೆ. ಅಲ್ಲಿಂದ ಬ್ಲಾಯ್ ಕಡೆ ತಿರುಗಿ ನೋಡಿದಾಗ ವೊಬಾನ್‌ನ ಲೆಕ್ಕಾಚಾರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ದಡದ ಮಾರ್ಗೋ, ಪೊಯಾಕ್ ಊರುಗಳು ವೈನಿಗೆ ಜಗತ್ಪ್ರಸಿದ್ಧ. ತೋಟ, ಬಂಗಲೆ ನೋಡುವ ಮನಸ್ಸಿದ್ದರೆ ಮುಂಚಿತವಾಗಿ ಸಮಯ ಕೇಳಿಕೊಂಡೇ ಹೋಗಬೇಕು.

ಅಂದಹಾಗೆ, ನೀರು ಕಂದು ಬಣ್ಣಕ್ಕಿರುವುದನ್ನು ಕಂಡು ಮೂಗು ಮುರಿಯಬೇಡಿ. ಅದು ಕೊಳಚೆಯಲ್ಲ. ನದಿಗಳು ಹೊತ್ತು ತಂದ ನುಣುಪು ಜೇಡಿ ಉಪ್ಪುನೀರಿಗೆ ಸೇರಿದಾಗ ಉಂಡೆಗಟ್ಟುತ್ತದೆ, ಉಬ್ಬರ-ಇಳಿತ ಅದನ್ನು ತಳದಿಂದ ಕದಡುತ್ತಲೇ ಇರುತ್ತದೆ. ಅಳಿವಿನ ಅಂಚಿನಲ್ಲಿರುವ ಯುರೋಪಿನ ಸ್ಟರ್ಜನ್ ಮೀನು ಉಳಿದುಕೊಂಡಿರುವುದು ಇದೇ ಅಳಿವೆ ಮತ್ತು ಇದರ ನದಿಗಳನ್ನು ನಂಬಿ. ಫ್ರಾನ್ಸ್ ಅದನ್ನು ಹಿಡಿಯುವುದನ್ನು 1982ರಲ್ಲೇ ನಿಷೇಧಿಸಿತು. ಹಕ್ಕಿ ನೋಡುವ ಆಸೆ ಇರುವವರು ಬ್ಲಾಯ್‌ನಿಂದ ಉತ್ತರಕ್ಕೆ ಬ್ರೋ ಊರಿನ ಬಳಿಯ ಜೌಗಿಗೆ ಬೈನಾಕ್ಯುಲರ್ ಹಿಡಿದು ಹೋಗಿ, ಕೊಕ್ಕರೆಗಳು ಕಾಣಸಿಗುತ್ತವೆ.

ತಾಲ್ಮೋಂ ಮತ್ತು ಮೆಶೇರ್

ಬಲದಂಡೆಯಲ್ಲೇ ಉತ್ತರಕ್ಕೆ ಸಾಗಿ ರೊಯಾನ್ ತಲುಪುವ ಮುನ್ನ ತಾಲ್ಮೋಂ. ಕಾರು ಊರ ಹೊರಗೆ ಬಿಟ್ಟು ನಡೆಯಬೇಕು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1284ರಲ್ಲಿ ಕಟ್ಟಿಸಿದ ಊರು ಇದು, ಆಗ ಈ ಸೀಮೆ ಇಂಗ್ಲಿಷರ ಕೈಯಲ್ಲಿತ್ತು. ಸಂತ ರಾದೆಗೊಂಡ್ ಚರ್ಚ್ ಊರಿಗಿಂತಲೂ ಹಳೆಯದು, 12ನೇ ಶತಮಾನದ್ದು. ಬಂಡೆಯ ತುತ್ತತುದಿಯಲ್ಲಿದೆ. ಇದನ್ನು ಉಬ್ಬರದ ಹೊತ್ತಿಗೇ ನೋಡಿ, ನೀರು ಬಂಡೆಯ ಬುಡದವರೆಗೂ ಬಂದಿರುತ್ತದೆ. ಇಳಿತದಲ್ಲಿ ಕಾಣುವುದು ಬರೀ ಕೆಸರು. ಆ ಕೆಸರಿಗೆ ಮಕ್ಕಳನ್ನು ಇಳಿಯಲು ಬಿಡಬೇಡಿ, ಕಾಲು ಹೂತುಕೊಳ್ಳುತ್ತದೆ.

ಮುಂದಿನ ಮೆಶೇರ್‌ನಲ್ಲಿ ಸುಣ್ಣಕಲ್ಲಿನ ಬಂಡೆಯಲ್ಲಿ ಕೊರೆದ ಗುಹೆಮನೆಗಳಿವೆ. ದಡದುದ್ದಕ್ಕೂ ಮರದ ಕಂಬಗಳ ಮೇಲೆ ಪುಟ್ಟ ಗುಡಿಸಲುಗಳು, ಮುಂದೆ ತೂಗುವ ಚೌಕಾಕಾರದ ಬಲೆ. ರಾಟೆ ತಿರುಗಿಸಿ ಬಲೆಯನ್ನು ನೀರಿಗಿಳಿಸಿ ಎತ್ತುತ್ತಾರೆ. 1999ರ ಡಿಸೆಂಬರ್ ಬಿರುಗಾಳಿಗೆ ಇಂಥವು ಬಹಳಷ್ಟು ಕೊಚ್ಚಿಹೋಗಿದ್ದವು.

ಕೊರ್ದುವಾನ್‌ಗೆ ಒಂದು ದಿನ ಪೂರ್ತಿ ಬಿಡಿ

ಇಷ್ಟೆಲ್ಲ ಪಟ್ಟಿ ನೋಡಿದ್ದು ಮುಖ್ಯವಾಗಿ ಇದಕ್ಕೆ. ಅಳಿವೆಯ ಬಾಯಿಯಲ್ಲಿ, ದಡದಿಂದ ಸುಮಾರು ಏಳು ಕಿಲೋಮೀಟರ್ ಒಳಗೆ, ಕಡಲ ನಡುವೆ ನಿಂತ ದೀಪಸ್ತಂಭ ಕೊರ್ದುವಾನ್. ಲೂಯಿ ದ ಫ್ವಾ 1584ರಲ್ಲಿ ಕೆಲಸಕ್ಕೆ ಕೈಹಾಕಿದ, ಮುಗಿದದ್ದು 1611ರಲ್ಲಿ. ಅಷ್ಟರಲ್ಲಿ ಆತನೇ ತೀರಿಕೊಂಡಿದ್ದ. ಇಂದಿಗೂ ದೀಪ ಉರಿಯುತ್ತಿದೆ. 2021ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರೊಯಾನ್‌ನಿಂದಲೂ ಎದುರಿನ ವೆರ್ದೋನ್‌ನಿಂದಲೂ ದೋಣಿಗಳು ಹೋಗುತ್ತವೆ. ಹೊರಡುವುದು ಇಳಿತಕ್ಕೆ ಹೊಂದಿಸಿಕೊಂಡು. ಹಾಗಾಗಿ ಮೊದಲು ಈ ಟಿಕೆಟ್ ಬುಕ್ ಮಾಡಿ, ಉಳಿದ ದಿನಗಳನ್ನು ಅದರ ಸುತ್ತ ಜೋಡಿಸಿ. ಗಾಳಿ ಜೋರಿದ್ದರೆ ದೋಣಿ ರದ್ದಾಗುತ್ತದೆ, ಆದ್ದರಿಂದ ರೊಯಾನ್‌ನಲ್ಲಿ ಉಳಿಯುವ ಮೊದಲನೇ ದಿನಕ್ಕೇ ಇಟ್ಟುಕೊಳ್ಳುವುದು ಜಾಣತನ. ಸ್ತಂಭದ ಹತ್ತಿರ ನೀರಿಗೆ ಕಾಲಿಟ್ಟು, ಒದ್ದೆ ಮರಳಿನ ಮೇಲೆ ನಡೆದು ಹೋಗಬೇಕಾಗುತ್ತದೆ. ಸೀರೆ, ಜೀನ್ಸ್ ಬೇಡ. ಮಡಚಬಹುದಾದ ಪ್ಯಾಂಟು, ನೆನೆದರೂ ಪರವಾಗಿಲ್ಲ ಎನ್ನುವಂಥ ಗಟ್ಟಿ ಚಪ್ಪಲಿ, ಒಂದು ಟವೆಲ್ ಇರಲಿ.

ಒಳಗೆ 301 ಮೆಟ್ಟಿಲು. ಒಂದೇ ಉಸಿರಿಗೆ ಹತ್ತಬೇಡಿ, ಪ್ರತಿ ಅಂತಸ್ತಿನಲ್ಲೂ ನಿಲ್ಲಿ. ಮೊದಲ ಮಹಡಿಯಲ್ಲಿ ರಾಜನಿಗೆಂದು ಮಾಡಿದ ಕೋಣೆ, ಯಾವ ರಾಜನೂ ಬಂದು ತಂಗಲಿಲ್ಲ. ಅದರ ಮೇಲೆ ಬಣ್ಣದ ಗಾಜಿನ ಕಿಟಕಿಗಳ ಪ್ರಾರ್ಥನಾ ಮಂದಿರ. ಅಲ್ಲಿಂದ ಮೇಲೆ ಅಲಂಕಾರ ಕಡಿಮೆಯಾಗಿ ಕಲ್ಲು ಸರಳವಾಗುತ್ತದೆ. 1788ರ ನಂತರ ತ್ಯೂಲೇರ್ ಎಂಬ ಎಂಜಿನಿಯರ್ ಸ್ತಂಭವನ್ನು ಎತ್ತರಿಸಿದ ಭಾಗ ಅದು. ತುದಿಯ ದೀಪದ ಕೋಣೆ ವಿಜ್ಞಾನದ ಇತಿಹಾಸಕ್ಕೂ ಸೇರಿದ್ದು. ಹಿಂದೆ ದೀಪದ ಹಿಂದೆ ಕನ್ನಡಿ ಇಡುತ್ತಿದ್ದರು, ಬೆಳಕು ಬಹಳಷ್ಟು ಪೋಲಾಗುತ್ತಿತ್ತು. 1823ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಫ್ರೆನೆಲ್ ಗಾಜಿನ ಬಳೆಗಳನ್ನು ಒಂದರ ಸುತ್ತ ಒಂದು ಜೋಡಿಸಿ, ಚದುರುವ ಬೆಳಕನ್ನೆಲ್ಲ ಬಗ್ಗಿಸಿ ಒಂದೇ ದಿಕ್ಕಿಗೆ ಕಳಿಸುವ ಮಸೂರವನ್ನು ಮೊದಲು ಹಚ್ಚಿದ್ದು ಇಲ್ಲಿ. ಆಮೇಲೆ ಜಗತ್ತಿನ ದೀಪಸ್ತಂಭಗಳೆಲ್ಲ ಅದೇ ದಾರಿ ಹಿಡಿದವು. ಮೇಲಿನ ಜಗುಲಿಯಲ್ಲಿ ಗಾಳಿ ಬಲವಾಗಿರುತ್ತದೆ, ಟೋಪಿ ಬ್ಯಾಗಿನಲ್ಲಿಡಿ. ದೋಣಿಯವರು ಹೇಳಿದ ಹೊತ್ತಿಗೆ ಮರಳ ಮೇಲೆ ಸಿದ್ಧವಾಗಿರಿ. ನೀರು ಯಾರಿಗೂ ಕಾಯುವುದಿಲ್ಲ.

ಉಳಿದ ದಿನಕ್ಕೆ

ರೊಯಾನ್ 1945ರ ಜನವರಿ 5ರ ಬಾಂಬ್ ದಾಳಿಯಲ್ಲಿ ಹೆಚ್ಚುಕಡಿಮೆ ನೆಲಸಮವಾಗಿ, 1950ರ ದಶಕದಲ್ಲಿ ಮತ್ತೆ ಎದ್ದ ಊರು. ಗಿಯೋಮ್ ಜಿಯೆ ಕಾಂಕ್ರೀಟಿನಲ್ಲೇ ಕಟ್ಟಿದ ನೋತ್ರ್ ದಾಮ್ ಚರ್ಚಿನ ಒಳಗೆ ಹೋಗದೆ ಬರಬೇಡಿ. ರೊಯಾನ್‌ನಿಂದ ಫೆರಿಯಲ್ಲಿ ವೆರ್ದೋನ್‌ಗೆ ದಾಟಿದರೆ ಹತ್ತಿರದಲ್ಲೇ ಸುಲಾಕ್. ಮರಳು ಮುಚ್ಚಿಕೊಂಡು ಜನ ಬಿಟ್ಟುಹೋದ ಅಲ್ಲಿನ ಹಳೆಯ ಚರ್ಚನ್ನು 19ನೇ ಶತಮಾನದಲ್ಲಿ ಅಗೆದು ಹೊರತೆಗೆದರು.

ಬೇಸಿಗೆ ಕೊನೆಗೋ ಶರತ್ಕಾಲಕ್ಕೋ ಹೋಗಿದ್ದು, ಪಟ್ಟಿಯ ಅಂಕಿ 90 ದಾಟಿದ್ದರೆ, ವಾಪಸಾಗುವಾಗ ದೋರ್ದೋನ್ ದಡದ ಸೇಂ ಪಾರ್ದೋಂಗೆ ಹೋಗಿ. ಉಬ್ಬರದ ನೀರು ನದಿಯೊಳಕ್ಕೆ ನುಗ್ಗುವಾಗ ಏಳುವ ಅಲೆ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಬರುತ್ತದೆ, ಹಲಗೆ ಹಿಡಿದ ಸರ್ಫರುಗಳು ಅದಕ್ಕಾಗಿಯೇ ಕಾದಿರುತ್ತಾರೆ. ಅಲೆ ಬರುವ ಹೊತ್ತು ರೊಯಾನ್ ಪಟ್ಟಿಯಲ್ಲಿ ಇರುವುದಿಲ್ಲ, ಇಲ್ಲಿಗೆಂದೇ ಬೇರೆ ಪಟ್ಟಿ ಹಾಕುತ್ತಾರೆ, ಅದನ್ನು ನೋಡಿ. ಅರ್ಧ ಗಂಟೆ ಮುಂಚೆಯೇ ಹೋಗಿ ದಡದ ಮೇಲ್ಭಾಗದಲ್ಲಿ ಜಾಗ ಹಿಡಿಯಿರಿ. ಫೋಟೊ ಚೆನ್ನಾಗಿ ಬರುತ್ತದೆಂದು ನೀರಿಗಿಳಿಯುವ ಇಳಿಜಾರಿನಲ್ಲಿ ನಿಲ್ಲಬೇಡಿ. ಅಲ್ಲಿ ಕೆಸರು ಜಾರುತ್ತದೆ, ಅಲೆ ಅಲ್ಲಿಯವರೆಗೂ ಏರುತ್ತದೆ.