ಡ್ಯಾಂ ಎಷ್ಟೈತ್ರಿ ಇವತ್ತು?

ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಭತ್ತ ತಂದ ರೈತರು ತೂಕದ ಚೀಟಿ ಕೈಗೆ ಬರುವ ಮೊದಲೇ ಕೇಳುವುದು ಒಂದೇ ಮಾತು: "ಡ್ಯಾಂ ಎಷ್ಟೈತ್ರಿ ಇವತ್ತು?" ಟಿಬಿ ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟೆಯ ನೀರಿನ ಮಟ್ಟ ಪೇಪರಿನ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಅದನ್ನು ದಿನಕ್ಕೆ ಇಪ್ಪತ್ತು ಸಲ ಓದಿ ಹೇಳಿ ಬಾಯಿ ನೋಯುತ್ತಿತ್ತು. ಒಮ್ಮೆ ಬರೆದಿಟ್ಟರೆ ಎಲ್ಲರೂ ನೋಡಿಕೊಳ್ಳುತ್ತಾರೆ ಅಂತ 2011ರಲ್ಲಿ ಒಂದು ಬ್ಲಾಗ್ ತೆರೆದೆ. ಕೇಳುತ್ತಿದ್ದವರಲ್ಲಿ ಒಬ್ಬರೂ ಬ್ಲಾಗ್ ಓದುವವರಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಮೊದಲ ಬರಹವನ್ನು ಗೆಳೆಯನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿ ಬ್ಲಾಗಿಗೆ ಅಂಟಿಸಿದ್ದೆ. ಅಲ್ಲಿ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಗಡಿಯ ಹಳೆಯ ಫಾಂಟು ಮದುವೆ ಕಾರ್ಡಿಗೆ ಸರಿ, ಇಂಟರ್ನೆಟ್ಟಿಗೆ ಯೂನಿಕೋಡ್ ಬೇಕು ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ಆಮೇಲೆ ದಿನವೂ ನಾಲ್ಕು ಅಂಕಿ ಹಾಕತೊಡಗಿದೆ. ಮಟ್ಟ ಎಷ್ಟು ಅಡಿ, ಸಂಗ್ರಹ ಎಷ್ಟು ಟಿಎಂಸಿ, ಒಳಹರಿವು, ಹೊರಹರಿವು. ಕೆಳಗೆ ಎರಡು ಸಾಲು ಮಾತು. ಓದುತ್ತಿದ್ದವರು ಊರಲ್ಲಿ ಹೊಲ ಬಿಟ್ಟು ಬೆಂಗಳೂರು, ಹೈದರಾಬಾದಿನಲ್ಲಿ ನೌಕರಿ ಮಾಡುವ ನಮ್ಮ ಕಡೆಯ ಹುಡುಗರು. ದಿನಕ್ಕೆ ಮೂವತ್ತು ನಲವತ್ತು ಜನ, ಅಷ್ಟೇ.

ಒಂದು ಸಲ ಒಳಹರಿವು 16,000 ಕ್ಯೂಸೆಕ್ ಅನ್ನುವ ಕಡೆ ಒಂದು ಸೊನ್ನೆ ಜಾಸ್ತಿ ಒತ್ತಿ 1,60,000 ಮಾಡಿದ್ದೆ. ಓದುಗರೊಬ್ಬರು ಫೋನ್ ಮಾಡಿ, "ಏನ್ರೀ, ಪ್ರವಾಹ ಬಂತಾ?" ಎಂದು ನಕ್ಕರು. ಎರಡು ನಿಮಿಷದಲ್ಲಿ ತಿದ್ದಿದೆ. ಆಮೇಲೆ ಬಂದವರಿಗೆ ಅಲ್ಲಿ ತಪ್ಪಿತ್ತು ಅನ್ನುವ ಸುಳಿವೂ ಸಿಗಲಿಲ್ಲ. ಆಗ ಅದು ಎಂಥ ದೊಡ್ಡ ಸವಲತ್ತು ಅಂತ ಅನಿಸಿರಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಮರುವರ್ಷದ ಹೊತ್ತಿಗೆ ಮಿಲ್ಲಿನ ಹಮಾಲರೂ ಊಟದ ಹೊತ್ತಲ್ಲಿ ಯೂಟ್ಯೂಬ್ ನೋಡುತ್ತಿದ್ದರು. ಅಕ್ಕನ ಮಗ ಅಂದ: "ಮಾವಾ, ನೀ ಬರೆಯೋದು ಯಾರೂ ಓದಂಗಿಲ್ಲ. ಅದನ್ನ ಮಾತಾಡು." ಮಾತಾಡಿದೆ. ಎಡದಂಡೆ ಕಾಲುವೆಯ ಮೇಲೆ ನಿಂತು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೇಡಿಯೋ ವಾರ್ತೆಯವರ ಹಾಗೆ. ಮನೆಗೆ ಬಂದು ಕೇಳಿದರೆ ಬರೀ ಗಾಳಿಯ ಸದ್ದು, ನಡುವೆ ಒಂದು ಟ್ರ್ಯಾಕ್ಟರ್. ಕ್ಯಾಮೆರಾ ಬೇಕು ಅಂತ ದುಡ್ಡು ಕೂಡಿಡುತ್ತಿದ್ದೆ, ಅದನ್ನು ಬಿಟ್ಟು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ತಂದೆ. ಇಷ್ಟು ವರ್ಷದಲ್ಲಿ ಮಾಡಿದ ಬುದ್ಧಿವಂತ ಖರ್ಚು ಅದೊಂದೇ. ಚಿತ್ರ ಮಂಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಹತ್ತು ಸೆಕೆಂಡಿಗೆ ಹೋಗಿಬಿಡುತ್ತಾರೆ.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಇರಬೇಕು, ಒಂದು ವರ್ಷದೊಳಗೆ ಜನ 4,000 ಗಂಟೆ ನೋಡಿರಬೇಕು ಅನ್ನುವ ನಿಯಮ 2018ರಲ್ಲಿ ಬಂತು. ಸಾವಿರ ಜನ ಬೇಗ ಆದರು. ಗಂಟೆಗಳೇ ಆಗಲೊಲ್ಲವು. ಯಾಕೆಂದರೆ ನನ್ನ ನೋಡುಗರಿಗೆ ಬೇಕಾದದ್ದು ಒಂದು ಅಂಕಿ. ಮೊದಲೇ ಹೇಳಿದರೆ ಕೇಳಿ ಹೊರಟುಬಿಡುತ್ತಾರೆ. ಬೇರೆ ಕೆಲವು ಚಾನೆಲ್‌ಗಳು ಅಂಕಿಯನ್ನು ಕೊನೆಗೆ ಇಟ್ಟು, ಎಂಟು ನಿಮಿಷ ಎಳೆಯುತ್ತಿದ್ದವು. ನಾನೂ ಒಂದು ವಾರ ಹಾಗೆ ಮಾಡಿದೆ. ಮಾನ್ವಿ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ನೀರು ನಮಗ ಕೊನೀಗೆ ಬರ್ತೈತಿ. ಸುದ್ದಿನೂ ಕೊನೀಗೆ ಕೊಡಬ್ಯಾಡ" ಅಂದರು. ಅವರದು ಕಾಲುವೆಯ ಕೊನೆಭಾಗ. ಮೇಲಿನವರು ನೀರು ಬಳಸಿ ಉಳಿದರೆ ಅವರಿಗೆ. ಆ ಮಾತು ಚುರುಕ್ ಎಂದಿತು.

ಅಂದಿನಿಂದ ಮೊದಲ ವಾಕ್ಯದಲ್ಲೇ ಅಂಕಿ. ಆಮೇಲೆ ಆ ಅಂಕಿಯ ಅರ್ಥ ಬಿಡಿಸುತ್ತೇನೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡು. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ಅಂದರೆ ದಿನವಿಡೀ ಸುಮಾರು 11,574 ಕ್ಯೂಸೆಕ್ ಬಂದರೆ ಡ್ಯಾಂಗೆ ಒಂದು ಟಿಎಂಸಿ ಕೂಡುತ್ತದೆ. ಎಡದಂಡೆ ಕಾಲುವೆಗೆ 4,000 ಕ್ಯೂಸೆಕ್ ಬಿಟ್ಟರೆ ತಿಂಗಳಿಗೆ ಹತ್ತು ಟಿಎಂಸಿಗೂ ಸ್ವಲ್ಪ ಜಾಸ್ತಿ ಬೇಕು. ಈ ಲೆಕ್ಕವನ್ನು ಮಿಲ್ಲಿನ ಹಳೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಜನ ಕೂತು ನೋಡಿದರು! ಎರಡನೇ ಬೆಳೆಗೆ ನೀರು ಸಿಕ್ಕೀತಾ ಅಂತ ತಾವೇ ಲೆಕ್ಕ ಹಾಕಿಕೊಳ್ಳತೊಡಗಿದರು. 4,000 ಗಂಟೆ ತುಂಬಿಸಿದ್ದು ಆ ಕರಿಹಲಗೆಯೇ.

ಹತ್ತು ಡಾಲರ್ ಆದಾಗ ಗೂಗಲ್‌ನಿಂದ ಪಿನ್ ಇರುವ ಕಾಗದ ಅಂಚೆಯಲ್ಲಿ ಬಂತು. ಪೋಸ್ಟ್‌ಮನ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ ಸಾರ್, ಫಾರಿನ್ ನೌಕರೀನಾ?" ಅಂದ. ನೂರು ಡಾಲರ್ ಆಗುವ ತನಕ ದುಡ್ಡು ಕೈಗೆ ಬರುವುದಿಲ್ಲ. ನನಗೆ ಏಳು ತಿಂಗಳು ಹಿಡಿಯಿತು. ಈಗಲೂ ಪೆಟ್ರೋಲು, ಮೊಬೈಲ್ ರೀಚಾರ್ಜ್ ಖರ್ಚು ಕಳೆಯುತ್ತದೆ. ನೌಕರಿ ಬಿಡುವಷ್ಟಿಲ್ಲ.

ಇನ್ನು 2024ರ ಆಗಸ್ಟ್ 10. ಶನಿವಾರ ರಾತ್ರಿ. ಡ್ಯಾಂ ತುಂಬಿತ್ತು. ರಾತ್ರಿ ಹನ್ನೊಂದರ ಆಸುಪಾಸಿಗೆ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಫೋನ್ ಮೇಲೆ ಫೋನ್. ಎಲ್ಲರಿಗೂ ನನ್ನ ಚಾನೆಲ್ಲೇ ನೆನಪಾಗಿತ್ತು. ನಿಜ ಹೇಳಬೇಕೆಂದರೆ, ಅದರಿಂದ ನನಗೆ ಒಳಗೊಳಗೇ ಹಿಗ್ಗು. ಬೆಳಗಿನ ಜಾವ ನಾಲ್ಕಕ್ಕೆ ವಾಟ್ಸಾಪಿನಲ್ಲಿ ಒಂದು ತುಣುಕು ಬಂತು. ನೀರು ಹಾಲಿನ ಹಾಗೆ ನೊರೆ ಉಕ್ಕಿಸಿ ಧುಮುಕುತ್ತಿದೆ. ಅದಕ್ಕೆ ನನ್ನ ದನಿ ಸೇರಿಸಿ, "ನೋಡ್ರಿ, ಇದೇ 19ನೇ ಗೇಟು" ಎಂದು ಹಾಕಿಬಿಟ್ಟೆ.

ಆರು ಗಂಟೆಗೆ ಮುನಿರಾಬಾದಿನಿಂದ ಪರಿಚಯದ ಕಾಕಾ ಫೋನ್ ಮಾಡಿದರು. ಡ್ಯಾಂನಲ್ಲೇ ಕೆಲಸ ಮಾಡಿ ನಿವೃತ್ತಿ ಆದವರು. "ಗೇಟ್ ಹೋಗಿದ್ದು ರಾತ್ರಿ. ನಿನ್ನ ವಿಡಿಯೋದಾಗ ಬಿಸಿಲು ಹೆಂಗ ಬಿತ್ತಪ್ಪ?"

ನನಗೆ ಬೆವರು ಕಿತ್ತುಬಂತು. ಹೌದು, ಬಿಸಿಲು! ನೀರಿನ ಮೇಲೆ ಚೆನ್ನಾಗಿ ಮಿರುಗುತ್ತಿದೆ. ಹಳೆಯ ಯಾವುದೋ ಮಳೆಗಾಲದಲ್ಲಿ ಗೇಟುಗಳನ್ನು ಎತ್ತಿದಾಗಿನ ತುಣುಕು ಅದು. ನಾನು ನೀರು ನೋಡಿದ್ದೆ, ಬಿಸಿಲು ನೋಡಿರಲಿಲ್ಲ. ಆಗಲೇ ಅದನ್ನು ಸಾವಿರಾರು ಜನ ನೋಡಿಯಾಗಿತ್ತು. ನನ್ನ ಬೇರೆ ಯಾವ ವಿಡಿಯೋವೂ ಅಷ್ಟು ಓಡಿಲ್ಲ.

ಬ್ಲಾಗ್ ಆಗಿದ್ದರೆ ಎರಡು ನಿಮಿಷದ ಕೆಲಸ. ಯೂಟ್ಯೂಬಿನಲ್ಲಿ ಹಾಕಿದ ವಿಡಿಯೋದ ತುಂಡು ಕತ್ತರಿಸಬಹುದು, ಹೆಸರು ಬದಲಿಸಬಹುದು. ಅದೇ ಲಿಂಕಿನಲ್ಲಿ ಸರಿಯಾದ ವಿಡಿಯೋ ಇಡಲು ಮಾತ್ರ ಬರುವುದಿಲ್ಲ. ಹೆಸರಿನಲ್ಲಿ "ಹಳೆಯ ದೃಶ್ಯ" ಅಂತ ಸೇರಿಸಿದೆ. ಹೆಸರು ಯಾರು ಓದುತ್ತಾರೆ? ಕೊನೆಗೆ ಅಳಿಸಿದೆ. ಅಷ್ಟರಲ್ಲಿ ಜನ ಅದನ್ನು ಇಳಿಸಿಕೊಂಡು ವಾಟ್ಸಾಪ್ ಗುಂಪುಗಳಿಗೆ ದಾಟಿಸಿದ್ದರು. ಅಲ್ಲಿ ಹೆಸರೂ ಇಲ್ಲ, ತಾರೀಖೂ ಇಲ್ಲ. ಬರೀ ನನ್ನ ದನಿ. ನದಿ ದಂಡೆಯ ಒಂದು ಊರಿನಿಂದ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, "ಅಣ್ಣಾರ, ನಿಮ್ಮ ವಿಡಿಯೋ ನೋಡಿ ದನಾ ಹೊಡ್ಕೊಂಡು ಎತ್ತರಕ್ಕ ಬಂದೀವಿ, ಇನ್ನೂ ಮ್ಯಾಲ ಹೋಗಬೇಕಾ?" ಎಂದು ಕೇಳಿದಳು. ದಂಡೆಯ ಊರುಗಳಿಗೆ ಎಚ್ಚರಿಕೆ ಕೊಟ್ಟಿದ್ದರು, ಆಕೆ ಮೇಲೆ ಬಂದದ್ದು ಸರಿಯೇ. ಆದರೆ ಬಂದದ್ದು ನನ್ನ ಸುಳ್ಳು ನೋಡಿ. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಸಂಜೆ ಕರಿಹಲಗೆಯ ಮುಂದೆ ನಿಂತು, ಬೆಳಗ್ಗೆ ಹಾಕಿದ್ದು ತಪ್ಪು ಅಂತ ಮೊದಲ ವಾಕ್ಯದಲ್ಲೇ ಹೇಳಿದೆ. ಆಮೇಲೆ ಲೆಕ್ಕ. ಆ ಒಂದು ಗೇಟಿನಿಂದಲೇ ಸುಮಾರು 35,000 ಕ್ಯೂಸೆಕ್ ಹೋಗುತ್ತಿದೆ, ದಿನಕ್ಕೆ ಮೂರು ಟಿಎಂಸಿ. ಭಾರ ಇಳಿಸಲು ಬೇರೆ ಗೇಟುಗಳಿಂದಲೂ ಬಿಡುತ್ತಿದ್ದಾರೆ. ತಪ್ಪಿನ ವಿಡಿಯೋ ನೋಡಿದವರಲ್ಲಿ ಹತ್ತರಲ್ಲಿ ಒಬ್ಬರೂ ಇದನ್ನು ನೋಡಲಿಲ್ಲ. ಆಗಸ್ಟ್ 16, 17ರಂದು ಸ್ಟಾಪ್ ಲಾಗ್ ಅನ್ನುವ ಉಕ್ಕಿನ ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಆ ಕಂಡಿಯನ್ನು ಮುಚ್ಚಿದರು. ಆ ವಾರವೆಲ್ಲ ನಾನು ಒಂದು ತುಣುಕನ್ನೂ ಬೇರೆಯವರಿಂದ ತೆಗೆದುಕೊಳ್ಳಲಿಲ್ಲ. ಬರೀ ಹಲಗೆ, ಸೀಮೆಸುಣ್ಣ.

ಈಗ ಕೆಲಸದ ರೀತಿ ಬದಲಾಗಿದೆ. ಮೊದಲು ಬ್ಲಾಗಿನಲ್ಲಿ ಬರೆಯುತ್ತೇನೆ. ಅಂಕಿಗಳನ್ನು ತುಂಗಭದ್ರಾ ಮಂಡಳಿ ಕೊಟ್ಟದ್ದರ ಜೊತೆ ಇನ್ನೊಮ್ಮೆ ತಾಳೆ ನೋಡುತ್ತೇನೆ. ಬರೆಯುವಾಗ ಕಾಣುವ ತಪ್ಪು ಮಾತಾಡುವಾಗ ಕಾಣುವುದಿಲ್ಲ, ಯಾಕೋ ಗೊತ್ತಿಲ್ಲ. ಆಮೇಲೆ ಅದನ್ನೇ ಮಾತಾಡುತ್ತೇನೆ. ಬಾಯಿ ತೆಗೆದ ಕೂಡಲೇ ತಾರೀಖು, ಹೊತ್ತು. ಯಾರಾದರೂ ತುಂಡು ಮಾಡಿ ದಾಟಿಸಿದರೂ ತಾರೀಖು ಕೇಳಿಸಲಿ ಅಂತ, ನಡುವೆಯೂ ಒಮ್ಮೆ ಹೇಳುತ್ತೇನೆ. ಅಕ್ಕನ ಮಗನಿಗೆ ಇದು ಬೋರು. "ಪಂಚಾಂಗ ಓದಿದಂಗ ಆಗ್ತೈತಿ ಮಾವಾ" ಅನ್ನುತ್ತಾನೆ. ಓದುವವರಿಲ್ಲ ಅಂತ ಬ್ಲಾಗನ್ನು ಮುಚ್ಚುವವನಿದ್ದೆ, ಸದ್ಯ ಮುಚ್ಚಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಮಿಲ್ಲಿನ ವಾಟ್ಸಾಪ್ ಗುಂಪಿಗೇ ಆ ತುಣುಕು ಬಂತು. ಅದೇ ಬಿಸಿಲು, ಅದೇ ನೊರೆ, ಅದೇ ನನ್ನ ದನಿ: "ನೋಡ್ರಿ, ಇದೇ 19ನೇ ಗೇಟು." ಮೇಲೆ ಯಾರೋ "ಈಗಷ್ಟೇ" ಅಂತ ಬೇರೆ ಬರೆದಿದ್ದರು. "ಇದು ನಂದೇ, ಹಳೇದು, ತಪ್ಪು" ಎಂದು ಟೈಪ್ ಮಾಡಿದೆ. ಇಬ್ಬರು ಹೆಬ್ಬೆರಳು ಒತ್ತಿದರು. ಮೂರನೆಯವರು ಬರೆದರು: "ಅದು ಇರಲಿ ಬಿಡ್ರಿ. ಡ್ಯಾಂ ಎಷ್ಟೈತ್ರಿ ಇವತ್ತು?"