ಪ್ಲಾಸ್ಟರ್ ಪಟ್ಟಿಯ ಮೇಲಿನ ಲೆಕ್ಕ: ಎಮರ್ಜೆನ್ಸಿಗೆ ತಂತ್ರಾಂಶ ಕಟ್ಟುವವರನ್ನು ಹುಡುಕಿದ ನನ್ನ ಅನುಭವ

ಕೀಟನಾಶಕ ಕುಡಿದ ರೋಗಿಗೆ ವಿಷದ ಪರಿಣಾಮ ತಡೆಯುವ ಅಟ್ರೋಪಿನ್ ಕೊಡುವುದು ಲೆಕ್ಕದ ಕೆಲಸ. ಒಂದು ಆಂಪ್ಯೂಲಿನಲ್ಲಿ, ಅಂದರೆ ಸಣ್ಣ ಗಾಜಿನ ಸೀಸೆಯಲ್ಲಿ, 0.6 ಮಿಲಿಗ್ರಾಂ ಔಷಧಿ ಇರುತ್ತದೆ. ನಮ್ಮಲ್ಲಿ ಮೊದಲ ಸುತ್ತಿಗೆ ಮೂರು ಆಂಪ್ಯೂಲ್. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಸ್ಕೋಪ್ ಇಡುತ್ತೇವೆ. ಗೊರಗೊರ ಸದ್ದು ಇಳಿದಿರದಿದ್ದರೆ ಆರು, ಇನ್ನೈದು ನಿಮಿಷಕ್ಕೆ ಹನ್ನೆರಡು, ಆಮೇಲೆ ಇಪ್ಪತ್ತನಾಲ್ಕು. ಎದೆ ತಿಳಿಯಾಗಿ, ಕಂಕುಳು ಒಣಗಿ, ನಾಡಿಬಡಿತ 80 ದಾಟುವವರೆಗೆ ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ 45 ಆಂಪ್ಯೂಲ್, ಅಂದರೆ 27 ಮಿಲಿಗ್ರಾಂ ಒಳಗೆ ಹೋಗಿರುತ್ತದೆ. ಮುಂದೆ ಗಂಟೆಗೆ ಎಷ್ಟು ಹರಿಸಬೇಕು ಎಂಬುದನ್ನು ಈ ಒಟ್ಟು ಮೊತ್ತದ ಶೇ 10ರಿಂದ 20ರ ಲೆಕ್ಕದಲ್ಲಿ ನಿರ್ಧರಿಸುತ್ತೇವೆ. ಮೊತ್ತ ತಪ್ಪಿದರೆ ಡ್ರಿಪ್ಪೂ ತಪ್ಪುತ್ತದೆ.

ಕೆಲವು ವರ್ಷಗಳ ಹಿಂದೆ, ಮೆಕ್ಕೆಜೋಳದ ಹಂಗಾಮಿನ ಒಂದು ರಾತ್ರಿ, ಟ್ರ್ಯಾಕ್ಸ್‌ನಲ್ಲಿ ಮಲಗಿಸಿಕೊಂಡು ಒಬ್ಬ ಯುವಕನನ್ನು ತಂದರು. ಬಾಯಿತುಂಬ ನೊರೆ, ಪಾಪೆ ಸೂಜಿಮೊನೆಯಷ್ಟು. ಕೇಸ್‌ಶೀಟ್ ತೆಗೆಯುವಷ್ಟೂ ವ್ಯವಧಾನವಿರಲಿಲ್ಲ. ನಮ್ಮ ಸಿಸ್ಟರ್ ಮಂಚದ ಕಂಬಿಗೆ ಬಿಳಿ ಪ್ಲಾಸ್ಟರಿನ ಪಟ್ಟಿ ಅಂಟಿಸಿ, ಸುತ್ತಿಗೊಂದು ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯುತ್ತಾ ಹೋದರು. ಆ ಹೊತ್ತಿನಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿರಲಿಲ್ಲ. ಬೆಳಗಿನ ಜಾವ ಐಸಿಯುಗೆ ಸಾಗಿಸುವಾಗ ಮಂಚ ಬದಲಾಯಿತು. ಹಳೆಯ ಮಂಚ ಒರೆಸಿದವರು ಪಟ್ಟಿಯನ್ನು ಕಿತ್ತು ಎಸೆದರು. ಅರ್ಧ ಗಂಟೆಗೆ ಐಸಿಯುನಿಂದ ಫೋನ್: ‘ಒಟ್ಟು ಎಷ್ಟು ಕೊಟ್ಟಿದ್ದೀರಿ?’ ನಾನು ಮತ್ತು ಒಬ್ಬ ಹೌಸ್ ಸರ್ಜನ್ ಗಾಜು ಹಾಕುವ ನೀಲಿ ಡಬ್ಬಿಯ ಮುಂದೆ ಕುಳಿತು ಖಾಲಿ ಆಂಪ್ಯೂಲುಗಳನ್ನು ಎಣಿಸಿದೆವು. ಪಕ್ಕದ ಮಂಚದವರಿಗೆ ಕೊಟ್ಟದ್ದೂ ಅದರಲ್ಲೇ ಬೆರೆತಿತ್ತು. ಯುವಕ ಬದುಕಿದ. ಆದರೆ ಆ ಡಬ್ಬಿಯ ಮುಂದೆ ಕುಳಿತ ಹೊತ್ತು ನನ್ನನ್ನು ಬಿಡಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಇರಲಿಲ್ಲವೆಂದಲ್ಲ. ನೋಂದಣಿ, ಬಿಲ್ಲಿಂಗ್, ಲ್ಯಾಬ್ ಎಲ್ಲವೂ ಒಂದು ತಂತ್ರಾಂಶದಲ್ಲೇ ನಡೆಯುತ್ತಿದ್ದವು. ಅದರ ದಾರಿ ಹೊರರೋಗಿ ವಿಭಾಗದ ದಾರಿ: ಮೊದಲು ಹೆಸರು, ವಿಳಾಸ, ಹುಟ್ಟಿದ ದಿನಾಂಕ; ಆಮೇಲೆ ನಂಬರ್; ಆಮೇಲೆ ವೈದ್ಯರು; ಕೊನೆಗೆ ಔಷಧಿ. ಎಮರ್ಜೆನ್ಸಿಯಲ್ಲಿ ಇದು ತಲೆಕೆಳಗಾಗಿರುತ್ತದೆ. ಕೈ ಮೊದಲು ಕೆಲಸ ಮಾಡುತ್ತದೆ, ಬಾಯಲ್ಲಿ ಆದೇಶ ಹೋಗುತ್ತದೆ, ಬರವಣಿಗೆ ಆಮೇಲೆ. ಹೆಸರು ಗೊತ್ತಾಗುವುದು ಎಷ್ಟೋ ಸಲ ಎಲ್ಲ ಮುಗಿದ ಮೇಲೆ. ಹೆದ್ದಾರಿಯಲ್ಲಿ ಬಿದ್ದವರನ್ನು 108ರವರು ತಂದಾಗ ‘ಅಪರಿಚಿತ ಗಂಡಸು, ಸುಮಾರು 40 ವರ್ಷ’ ಎಂದಷ್ಟೇ ಬರೆಯಲು ಸಾಧ್ಯ. ಹುಟ್ಟಿದ ದಿನಾಂಕವಿಲ್ಲದೆ ಆ ತಂತ್ರಾಂಶ ಮುಂದಿನ ಪುಟವನ್ನೇ ತೆರೆಯುತ್ತಿರಲಿಲ್ಲ. ಹೀಗಾಗಿ ನಮ್ಮ ದಾಖಲೆಗಳಲ್ಲಿ ಜನವರಿ 1ರಂದು ಹುಟ್ಟಿದವರ ಸಂಖ್ಯೆ ವಿಪರೀತವಾಗಿತ್ತು.

ನಮ್ಮ ದೇಶದಲ್ಲಿ ತುರ್ತು ಚಿಕಿತ್ಸೆಗೆ ಪ್ರತ್ಯೇಕ ಸ್ನಾತಕೋತ್ತರ ಶಾಖೆಯೆಂಬ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅದಕ್ಕೂ ಮುಂಚೆ ಕ್ಯಾಶುಯಾಲ್ಟಿ ಎಂದರೆ ರೋಗಿ ಹಾದುಹೋಗುವ ಬಾಗಿಲು ಎಂಬ ಭಾವನೆ ಇತ್ತು. ತಂತ್ರಾಂಶ ಬರೆಯುವವರಿಗೆ ಇದನ್ನು ಹೇಳುವವರೇ ಇರಲಿಲ್ಲವಾದ್ದರಿಂದ ಅವರನ್ನು ನಾನು ದೂರುವುದಿಲ್ಲ.

ನನ್ನ ಮೊದಲ ಪ್ರಯತ್ನ ಸೋತಿತು. ಎರಡು ತಿಂಗಳು ಕುಳಿತು ನಲವತ್ತು ಪುಟಗಳ ಬೇಡಿಕೆ ಪಟ್ಟಿ ತಯಾರಿಸಿದೆ. ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂಬ ವಿಂಗಡಣೆ), ಔಷಧಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ), ರೆಫರಲ್, ಎಲ್ಲವನ್ನೂ ಅಧ್ಯಾಯ ಮಾಡಿ ಬರೆದು ಏಳು ಕಂಪನಿಗಳಿಗೆ ಕಳುಹಿಸಿದೆ. ಬಂದವರೆಲ್ಲ ಮಾರಾಟ ವಿಭಾಗದವರು. ಪ್ರತಿ ಸಾಲಿಗೂ ‘ಇದೆ’ ಎಂದು ಗುರುತು ಹಾಕಿಕೊಟ್ಟರು. ಒಬ್ಬರು ತೋರಿಸಿದ ‘ಎಮರ್ಜೆನ್ಸಿ ಮಾಡ್ಯೂಲ್’ ಅವರದೇ ಹೊರರೋಗಿ ಪುಟವಾಗಿತ್ತು. ತಲೆಬರಹ ಬದಲಾಗಿತ್ತು, ಕೆಂಪು ಬಣ್ಣ ಬಂದಿತ್ತು. ಮನೆಗೆ ಹೋಗುವ ರೋಗಿಗೆ ಕನ್ನಡದಲ್ಲಿ ಸೂಚನೆ ಮುದ್ರಿಸಿ ತೋರಿಸಿ ಎಂದೆ. ಮುದ್ರಣದಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ನಿಂತಿದ್ದವು. ‘ರಕ್ತಸ್ರಾವ’ ಎಂಬ ಪದವನ್ನು ಓದಲು ನನಗೇ ಎರಡು ಸಲ ನೋಡಬೇಕಾಯಿತು. ತಲೆಗೆ ಪೆಟ್ಟು ಬಿದ್ದವರ ಮನೆಯವರು ರಾತ್ರಿ ಏನೇನು ಗಮನಿಸಬೇಕೆಂದು ಹೇಳುವ ಹಾಳೆ ಅದು. ಅದನ್ನು ಓದಲಾಗದಿದ್ದರೆ ಜೀವಕ್ಕೇ ಅಪಾಯ.

ನಲವತ್ತು ಪುಟಗಳನ್ನು ಬದಿಗಿಟ್ಟೆ. ಬದಲಿಗೆ ಆರು ರಾತ್ರಿಗಳ ಕಾಲ, ನನ್ನ ಡ್ಯೂಟಿ ಇಲ್ಲದ ಹೊತ್ತಿನಲ್ಲಿ, ಮೂಲೆಯಲ್ಲಿ ನಿಂತು ಸಮಯವನ್ನಷ್ಟೇ ಬರೆದುಕೊಂಡೆ. ರೋಗಿ ಬಾಗಿಲು ದಾಟಿದ್ದು ಎಷ್ಟಕ್ಕೆ, ಮೊದಲು ಮುಟ್ಟಿದ್ದು ಯಾರು, ಎದೆನೋವಿನವರಿಗೆ ಇಸಿಜಿ ಆದದ್ದು ಎಷ್ಟಕ್ಕೆ, ಕೇಸ್‌ಶೀಟಿನಲ್ಲಿ ಅದೇ ಇಸಿಜಿಯ ಸಮಯ ಎಷ್ಟೆಂದು ದಾಖಲಾಗಿದೆ. ಎದೆನೋವಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ನಿಯಮ. ನಮ್ಮ ಕೇಸ್‌ಶೀಟುಗಳ ಪ್ರಕಾರ ಎಲ್ಲರಿಗೂ ಹತ್ತರೊಳಗೇ ಆಗಿತ್ತು. ನನ್ನ ಗಡಿಯಾರದ ಪ್ರಕಾರ ಆಗಿರಲಿಲ್ಲ. ‘ಗ್ಯಾಸ್ ಆಗಿದೆ, ಒಂದು ಇಂಜೆಕ್ಷನ್ ಕೊಡಿ’ ಎಂದು ಬಂದವರು ತಡವಾಗಿ ಇಸಿಜಿ ಕಂಡಿದ್ದರು. ಯಾರೂ ಬೇಕೆಂದು ಸುಳ್ಳು ಬರೆದಿರಲಿಲ್ಲ. ಎರಡು ಗಂಟೆಯ ನಂತರ ನೆನಪಿನಿಂದ ಬರೆಯುವಾಗ ಸಮಯ ತಾನಾಗಿ ನಿಯಮದ ಕಡೆ ವಾಲಿಕೊಳ್ಳುತ್ತದೆ.

ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದೆ. ರೋಗಿಯ ಹೆಸರಿಲ್ಲ, ಗುರುತಿಲ್ಲ, ಬರೀ ಸಮಯಗಳು. ಕೆಳಗೆ ಒಂದು ಸಾಲು: ನಮ್ಮೊಂದಿಗೆ ಕೆಲಸ ಮಾಡಲು ಬಯಸುವವರು ಒಂದು ರಾತ್ರಿ ಎಂಟರಿಂದ ಎರಡರವರೆಗೆ ಇಲ್ಲಿ ನಿಲ್ಲಬೇಕು, ಮಾರಾಟದವರಲ್ಲ, ಕೋಡ್ ಬರೆಯುವವರು. ಮೊಬೈಲನ್ನು ಹೊರಗಿಡಬೇಕು, ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಬೇಕು, ಕರ್ಟನ್ ಎಳೆದ ಕಡೆ ಇಣುಕಬಾರದು. ಆಡಳಿತದವರಿಂದಲೂ ನೈತಿಕ ಸಮಿತಿಯಿಂದಲೂ ಇದಕ್ಕೆ ಅನುಮತಿ ಪಡೆಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ವ್ಯರ್ಥವಾಗಲಿಲ್ಲ, ಏಕೆಂದರೆ ರೋಗಿಯ ಮಾನದ ಬಗ್ಗೆ ಸಮಿತಿ ಕೇಳಿದ ಪ್ರಶ್ನೆಗಳೇ ಮುಂದೆ ನಮ್ಮ ಒಪ್ಪಂದದ ಕಲಮುಗಳಾದವು.

ಏಳು ಕಂಪನಿಗಳಲ್ಲಿ ಮೂರು ಬಂದವು. ಒಬ್ಬರು ಹತ್ತು ಗಂಟೆಗೆ ಹೊರಟರು. ಇನ್ನೊಬ್ಬರು ಪೂರ್ತಿ ಇದ್ದರು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೆಯದು ಬೆಂಗಳೂರಿನ ಹನ್ನೊಂದು ಜನರ ಸಣ್ಣ ಸಂಸ್ಥೆ. ಅಲ್ಲಿಂದ ಬಂದ ಇಂಜಿನಿಯರ್ ಹುಡುಗಿ ಮೂಲೆಯಲ್ಲಿ ನಿಂತು ಸಿಸ್ಟರ್ ಒಬ್ಬರ ಕೈಗಳನ್ನೇ ನೋಡುತ್ತಿದ್ದಳು. ಎರಡು ಗಂಟೆಗೆ ಚಹಾ ಕುಡಿಯುವಾಗ ತನ್ನ ಟಿಪ್ಪಣಿ ತೋರಿಸಿದಳು. ಆರು ಗಂಟೆಗಳಲ್ಲಿ ಆ ಸಿಸ್ಟರ್ ಕೈಗವಸು ಬದಲಿಸಿದ್ದು 31 ಸಲ. ಕೀಬೋರ್ಡ್ ಮುಟ್ಟಬೇಕಾದರೆ ಪ್ರತಿ ಸಲವೂ ಗವಸು ತೆಗೆಯಬೇಕು, ಆಮೇಲೆ ಹೊಸದು ಹಾಕಬೇಕು. ‘ಟೈಪ್ ಮಾಡುವ ಯಾವುದನ್ನೂ ಮಂಚದ ಪಕ್ಕ ಇಡಬಾರದು ಸರ್. ಪ್ಲಾಸ್ಟರ್ ಪಟ್ಟಿಯಷ್ಟು ಸುಲಭವಾಗಿರಬೇಕು’ ಎಂದಳು. ನಾನು ಅವಳಿಗೆ ಪಟ್ಟಿಯ ಕಥೆ ಹೇಳಿರಲಿಲ್ಲ. ಅಂದು ಇನ್ನೊಂದು ಮಂಚದ ಕಂಬಿಯಲ್ಲಿ ಅಂಟಿದ್ದುದನ್ನು ಅವಳೇ ಕಂಡಿದ್ದಳು. ಪಾಲುದಾರರು ಸಿಕ್ಕರು ಎಂದು ನನಗೆ ಆಗ ಅನ್ನಿಸಿತು.

ಮೊದಲು ಕಟ್ಟಿದ್ದು ಒಂದೇ ಒಂದು ವಸ್ತು. ಮಂಚದ ತಲೆಕಡೆ ಗೋಡೆಗೆ ಹಾಕಿದ ಸಣ್ಣ ಪರದೆ, ಗವಸು ಹಾಕಿದ ಬೆರಳಿಗೂ ಸ್ಪಂದಿಸುವಂಥದ್ದು, ಅದರಲ್ಲಿ ದೊಡ್ಡ ಗುಂಡಿಗಳು. ‘ಅಟ್ರೋಪಿನ್’ ಒತ್ತಿ, ‘3’ ಒತ್ತಿದರೆ ಸಮಯ ತಾನಾಗಿ ಬೀಳುತ್ತದೆ, ಐದು ನಿಮಿಷದ ಗಡಿಯಾರ ಓಡತೊಡಗುತ್ತದೆ, ಕೆಳಗೆ ಒಟ್ಟು ಮೊತ್ತ ಏರುತ್ತಾ ಹೋಗುತ್ತದೆ. ಹೆಸರು ಬೇಡ, ನಂಬರ್ ಬೇಡ. ಮಂಚದ ಸಂಖ್ಯೆಯೇ ಸಾಕು. ಹೆಸರು ಸಿಕ್ಕ ಮೇಲೆ ಆ ದಾಖಲೆಯನ್ನು ನಿಜವಾದ ರೋಗಿಗೆ ಜೋಡಿಸಬೇಕು. ಕೇಳಲು ಸಣ್ಣ ಮಾತು, ಮಾಡಲು ಅತ್ಯಂತ ಕಷ್ಟದ ಕೆಲಸ. ಒಂದೇ ಅಪಘಾತದಲ್ಲಿ ಇಬ್ಬರು ಅಪರಿಚಿತರು ಬಂದರೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರಿಗೆ ಅಂಟಿಕೊಳ್ಳಬಾರದು. ಜೋಡಿಸುವುದಕ್ಕೆ ಸಿಬ್ಬಂದಿಯಲ್ಲಿ ಇಬ್ಬರ ಒಪ್ಪಿಗೆ ಕಡ್ಡಾಯ ಮಾಡಿದೆವು, ತಪ್ಪಿದರೆ ಬಿಡಿಸುವ ದಾರಿಯನ್ನೂ ಇಟ್ಟೆವು. ಇದಕ್ಕೇ ಐದು ತಿಂಗಳು ಹೋಯಿತು.

ಕರೆಂಟು ಮತ್ತು ನೆಟ್‌ವರ್ಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರತಿ ಪರದೆಯೂ ಸ್ವಂತ ನೆನಪಿನಲ್ಲಿ ಬರೆದಿಟ್ಟುಕೊಂಡು, ಸಂಪರ್ಕ ಬಂದಾಗ ಕಳುಹಿಸುತ್ತದೆ.

ಎಂಎಲ್‌ಸಿಯ ಮಾತು ಬೇರೆ. ಅಪಘಾತ, ಹೊಡೆದಾಟ, ವಿಷಪ್ರಾಶನ, ಸುಟ್ಟಗಾಯ: ಇವೆಲ್ಲಕ್ಕೂ ರಿಜಿಸ್ಟರಿನಲ್ಲಿ ನಮೂದು, ಠಾಣೆಗೆ ಮಾಹಿತಿ, ಆಮೇಲೆ ಗಾಯದ ಪ್ರಮಾಣಪತ್ರ. ಪೊಲೀಸರಿಗಾಗಿ ಚಿಕಿತ್ಸೆ ಕಾಯಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆದರೂ ವರ್ಷಗಳ ನಂತರ ಸಾಕ್ಷಿಕಟ್ಟೆಯಲ್ಲಿ ನಿಲ್ಲುವುದು ಆ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯರೇ. ವಕೀಲರು ಕೇಳುವ ಪ್ರಶ್ನೆ: ಈ ಸಾಲನ್ನು ಬರೆದದ್ದು ಯಾವಾಗ? ತಿದ್ದಿದ್ದು ಯಾರು? ಕಾಗದದಲ್ಲಿ ಹೊಡೆದುಹಾಕಿದ ಗೆರೆಯಾದರೂ ಕಾಣುತ್ತದೆ. ನಮಗೆ ತೋರಿಸಿದ ತಂತ್ರಾಂಶಗಳಲ್ಲಿ ಹಳೆಯ ಬರಹ ಮಾಯವಾಗಿ ಹೊಸದು ಬಂದು ಕೂರುತ್ತಿತ್ತು. ನಮ್ಮದರಲ್ಲಿ ಯಾವುದೂ ಅಳಿಯುವುದಿಲ್ಲ. ನಡೆದ ಸಮಯ ಒಂದು, ಬರೆದ ಸಮಯ ಇನ್ನೊಂದು, ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ತಡವಾಗಿ ಬರೆದದ್ದು ತಡವಾಗಿ ಬರೆದದ್ದೆಂದೇ ಕಾಣುತ್ತದೆ. ಆರಂಭದಲ್ಲಿ ನಮ್ಮ ಕಿರಿಯ ವೈದ್ಯರು ಇದಕ್ಕೆ ಹೆದರಿದರು, ಅದು ಸಹಜ. ತಡವಾದ ನಮೂದಿಗೆ ಯಾರನ್ನೂ ದಂಡಿಸುವುದಿಲ್ಲವೆಂದು ವಿಭಾಗದ ಪರವಾಗಿ ಲಿಖಿತ ಮಾತು ಕೊಟ್ಟ ಮೇಲೆ ಒಪ್ಪಿದರು.

ಇನ್ನು ಒಪ್ಪಂದ. ಕಂಪನಿ ಹುಡುಕುತ್ತಿರುವ ವೈದ್ಯ ಮಿತ್ರರು ಇದನ್ನು ತಾಳ್ಮೆಯಿಂದ ಓದಬೇಕು. ಉಚಿತವಾಗಿ ಮಾಡಿಕೊಡುತ್ತೇವೆ, ದತ್ತಾಂಶ ನಮಗೆ ಬಿಡಿ ಎಂದವರೂ ಇದ್ದರು. ದತ್ತಾಂಶ ನಮ್ಮದಾಗಿದ್ದರಲ್ಲವೇ ಬಿಡುವುದು? ಕೇಂದ್ರ ಆರೋಗ್ಯ ಸಚಿವಾಲಯದ 2016ರ ಇಎಚ್‌ಆರ್ (ವಿದ್ಯುನ್ಮಾನ ಆರೋಗ್ಯ ದಾಖಲೆ) ಮಾನದಂಡಗಳ ಪ್ರಕಾರ ಮಾಹಿತಿಯ ಒಡೆಯ ರೋಗಿ. ಆಸ್ಪತ್ರೆ ಅದನ್ನು ಅವರ ಪರವಾಗಿ ಕಾಯುವ ಸಂಸ್ಥೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜೀವಾಪಾಯದ ತುರ್ತಿನಲ್ಲಿ ಸಮ್ಮತಿಯಿಲ್ಲದೆ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಆ ಅವಕಾಶ ಇರುವುದು ಜೀವ ಉಳಿಸಲು. ಪ್ರಜ್ಞೆಯಿಲ್ಲದೆ ಮಲಗಿದ್ದವರ ಮಾಹಿತಿಯಿಂದ ಇನ್ನೊಂದು ಸರಕು ತಯಾರಿಸುವುದು ಆ ಬಾಗಿಲಿನಿಂದ ನುಸುಳಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ದತ್ತಾಂಶ ಆಸ್ಪತ್ರೆಯ ಸರ್ವರ್ ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ಬರೆಸಿಕೊಂಡೆವು.

ಮೂಲ ಕೋಡಿನ ಪ್ರತಿಯನ್ನು ನಮ್ಮಿಬ್ಬರಿಗೂ ಸೇರದ ಮೂರನೆಯವರ ಬಳಿ ಇಡಬೇಕು, ಸಂಸ್ಥೆ ಮುಚ್ಚಿದರೆ ಅದು ನಮಗೆ ಬರಬೇಕು. ಹನ್ನೊಂದು ಜನರ ಸಂಸ್ಥೆಯೊಂದಿಗೆ ಹೋಗುವಾಗ ಈ ಭಯ ನಿಜವಾದದ್ದು. ಅವರೂ ಅದನ್ನು ಒಪ್ಪಿಕೊಂಡರು. ರೋಗಲಕ್ಷಣ, ರೋಗದ ಹೆಸರುಗಳಿಗೆ ಸ್ವಂತ ಸಂಕೇತ ಸೃಷ್ಟಿಸದೆ ಸ್ನೋಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಕೇತಪಟ್ಟಿಯನ್ನೇ ಬಳಸಬೇಕು. ಭಾರತ 2014ರಿಂದ ಅದರ ಸದಸ್ಯ ದೇಶವಾಗಿರುವುದರಿಂದ ಇಲ್ಲಿ ಅದಕ್ಕೆ ಶುಲ್ಕವಿಲ್ಲ. ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಅದನ್ನು ನೋಡಿಕೊಳ್ಳುತ್ತದೆ. ಮಾಹಿತಿ ವಿನಿಮಯ ಎಫ್‌ಎಚ್‌ಐಆರ್ ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿರಬೇಕು; ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಳಸುವುದೂ ಅದನ್ನೇ. ರೋಗಿಗೆ ಆ ಮಿಷನ್ ಕೊಡುವ ಆರೋಗ್ಯ ಗುರುತಿನ ಆಭಾ ಸಂಖ್ಯೆ ಇದ್ದರೆ ಸಂತೋಷ, ಇಲ್ಲದಿದ್ದರೆ ಆರೈಕೆ ಒಂದು ಕ್ಷಣವೂ ನಿಲ್ಲಬಾರದು. ಇದನ್ನೂ ಕಲಮಾಗಿಯೇ ಬರೆಸಿದೆ.

ಒಂದು ಕಡೆ ನಾವೇ ಹಿಂದೆ ಸರಿದೆವು. ಮುಂದಿನ ಪ್ರಮಾಣವನ್ನು ತಂತ್ರಾಂಶವೇ ಸೂಚಿಸಲಿ ಎಂದು ಇಂಜಿನಿಯರುಗಳಿಗೆ ಆಸೆಯಿತ್ತು, ನನಗೂ ಇತ್ತು. ಆದರೆ 2020ರ ಏಪ್ರಿಲ್‌ನಿಂದ ಚಿಕಿತ್ಸೆಗೆ ಬಳಸುವ ತಂತ್ರಾಂಶವೂ ವೈದ್ಯಕೀಯ ಸಾಧನಗಳ ಕಾನೂನಿನಡಿ ಬರುತ್ತದೆ. ಸಲಹೆ ಕೊಡುವ ಯಂತ್ರಕ್ಕೆ ಬೇಕಾದ ಪರೀಕ್ಷೆ, ಪರವಾನಗಿಯ ಸಿದ್ಧತೆ ನಮ್ಮಲ್ಲಿರಲಿಲ್ಲ. ಈಗ ಅದು ಎಣಿಸುತ್ತದೆ, ಸಮಯ ನೆನಪಿಸುತ್ತದೆ, ಅಷ್ಟೇ. ಎಷ್ಟು ಕೊಡಬೇಕೆಂದು ಹೇಳುವುದು ವೈದ್ಯರ ಬಾಯಿ.

ಈಗ ಹದಿನಾಲ್ಕು ಮಂಚಗಳಲ್ಲಿ ಆರರ ಪಕ್ಕ ಈ ಪರದೆ ಇದೆ. ಅಟ್ರೋಪಿನ್ ಜೊತೆಗೆ ಹಾವು ಕಡಿತದ ಪುಟವೂ ಸೇರಿದೆ: ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಇಪ್ಪತ್ತು ನಿಮಿಷದ ಪರೀಕ್ಷೆಯ ಗಡಿಯಾರ, ಕೊಟ್ಟ ವಿಷನಿರೋಧಕದ ವಯಲ್‌ಗಳ ಎಣಿಕೆ, ಆರು ಗಂಟೆಗೆ ಮತ್ತೆ ಪರೀಕ್ಷಿಸುವ ಕರೆಗಂಟೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ಮೇಲೆ, ಆ ವರದಿಗೆ ಬೇಕಾದ ವಿವರವೂ ಇಲ್ಲಿಂದಲೇ ಸಿಗುತ್ತಿದೆ.

ಸಿಕ್ಕಿಹಾಕಿಕೊಂಡಿರುವುದು ರೋಗಿಯ ರಕ್ತದೊತ್ತಡ, ನಾಡಿಬಡಿತ ತೋರಿಸುವ ಮಾನಿಟರುಗಳಲ್ಲಿ. ನಮ್ಮಲ್ಲಿ ನಾಲ್ಕು ತಯಾರಕರ ಮಾನಿಟರುಗಳಿವೆ. ಅವುಗಳಲ್ಲಿ ಎರಡರ ಹಿಂಭಾಗದಲ್ಲಿ ತಂತಿ ಜೋಡಿಸುವ ಜಾಗವಿದ್ದರೂ ಒಳಗಿನ ಭಾಷೆಯನ್ನು ತಯಾರಕರು ಬಿಟ್ಟುಕೊಡುತ್ತಿಲ್ಲ. ಇದರಿಂದ ರಕ್ತದೊತ್ತಡ, ಆಮ್ಲಜನಕದ ಅಂಕಿಗಳನ್ನು ಸಿಸ್ಟರ್ ಇನ್ನೂ ಕೈಯಿಂದ ಒತ್ತುತ್ತಾರೆ. ಈ ಹಂತಕ್ಕೆ ನಮಗೆ ಎರಡನೆಯ ಪಾಲುದಾರರು ಬೇಕು, ಯಂತ್ರಾಂಶ ಬಲ್ಲವರು. ಜೊತೆಗೆ, ಒಬ್ಬ ವೈದ್ಯ ಮತ್ತು ಇಬ್ಬರು ಸಿಸ್ಟರ್ ಮಾತ್ರ ಇರುವ ತಾಲ್ಲೂಕು ಆಸ್ಪತ್ರೆಯ ರಾತ್ರಿಯಲ್ಲೂ ಇದು ನಿಲ್ಲುತ್ತದೆಯೇ ಎಂದು ನೋಡಬೇಕು. ಮೊನ್ನೆ ಅಂಥದೊಂದು ಆಸ್ಪತ್ರೆಯ ವೈದ್ಯಾಧಿಕಾರಿ ಕರೆದಿದ್ದರು. ಮುಂದಿನ ತಿಂಗಳು ಎರಡು ಪರದೆಗಳನ್ನು ಹೊತ್ತು ಹೋಗುತ್ತಿದ್ದೇವೆ. ಆ ಇಂಜಿನಿಯರ್ ಹುಡುಗಿ ಅಲ್ಲಿಯೂ ಮೊದಲ ರಾತ್ರಿ ಏನನ್ನೂ ಜೋಡಿಸುವುದಿಲ್ಲ ಎಂದಿದ್ದಾಳೆ. ಎಂಟರಿಂದ ಎರಡರವರೆಗೆ ನಾವಿಬ್ಬರೂ ಸುಮ್ಮನೆ ನಿಂತು ನೋಡಲಿದ್ದೇವೆ.