ನಾಯಿಯ ಮೇದೋಜೀರಕ ಗ್ರಂಥಿಯ ಗಡ್ಡೆ: ಸಿ.ಟಿ. ಸ್ಕ್ಯಾನಿನಲ್ಲಿ ಪತ್ತೆ ಮಾಡುವ ಬಗೆ

ಓಡಾಡಿದ ಬಳಿಕವೋ ಊಟದ ಹೊತ್ತು ಮೀರಿದಾಗಲೋ ವಯಸ್ಸಾದ ನಾಯಿ ಹಿಂಗಾಲು ಸೋತು ಕುಸಿದರೆ, ನಡುಗಿದರೆ ಅಥವಾ ಅದಕ್ಕೆ ಸೆಳೆತ ಬಂದರೆ ಮೊದಲು ಪರೀಕ್ಷಿಸಬೇಕಾದದ್ದು ರಕ್ತವನ್ನು. ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗಿಳಿದಿದ್ದು, ಅದೇ ರಕ್ತದಲ್ಲಿ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಮಾತ್ರ ತಗ್ಗದೇ ಇದ್ದರೆ, ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ಇನ್ಸುಲಿನ್ ಸುರಿಸುವ ಇನ್ಸುಲಿನೋಮ ಎಂಬ ಗಡ್ಡೆಯ ಶಂಕೆ ಬಲವಾಗುತ್ತದೆ. ಆ ಗಡ್ಡೆ ಗ್ರಂಥಿಯ ಯಾವ ಭಾಗದಲ್ಲಿದೆ, ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಶಸ್ತ್ರವೈದ್ಯರಿಗೆ ತೋರಿಸಿಕೊಡುವುದು ಸಿ.ಟಿ. ಸ್ಕ್ಯಾನಿನ ಕೆಲಸ.

ಅಲ್ಟ್ರಾಸೌಂಡ್ ಸಾಲದೇ ಎಂಬ ಪ್ರಶ್ನೆ ಸಹಜ. ಈ ಗಡ್ಡೆಗಳು ಎಷ್ಟೋ ಬಾರಿ 2 ಸೆಂಟಿಮೀಟರಿಗಿಂತ ಚಿಕ್ಕವು. ಹೊಟ್ಟೆ ಮತ್ತು ಕರುಳಿನ ಗಾಳಿ ಅವುಗಳನ್ನು ಮರೆಮಾಡುತ್ತದೆ. 2005ರಲ್ಲಿ ಪ್ರಕಟವಾದ, ಈ ಗಡ್ಡೆಯಿದ್ದ 14 ನಾಯಿಗಳ ಅಧ್ಯಯನವೊಂದರಲ್ಲಿ ಅಲ್ಟ್ರಾಸೌಂಡ್ 5ರಲ್ಲಿ, ಸಿ.ಟಿ. 10ರಲ್ಲಿ ಗಡ್ಡೆಯನ್ನು ಗುರುತಿಸಿತ್ತು.

ಸಿದ್ಧತೆಯಲ್ಲೇ ಹೆಚ್ಚಿನ ಎಚ್ಚರ ಬೇಕು. ಅರಿವಳಿಕೆಗೆ ಮುನ್ನ ನಾಯಿಯನ್ನು ಉಪವಾಸ ಇಡುವುದು ವಾಡಿಕೆಯಾದರೂ ಇಂಥ ನಾಯಿಗೆ ಉಪವಾಸವೇ ಅಪಾಯಕಾರಿ. ಆದ್ದರಿಂದ ಉಪವಾಸದ ಅವಧಿಯನ್ನು ಮೊಟಕುಗೊಳಿಸಿ, ಸಕ್ಕರೆಯ ಒಂದು ರೂಪವಾದ ಡೆಕ್ಸ್‌ಟ್ರೋಸ್ ಬೆರೆತ ದ್ರವವನ್ನು ನಿಧಾನವಾಗಿ ಹರಿಸುತ್ತ, ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ಅಳೆಯಬೇಕು. ಗಾಬರಿಯಲ್ಲಿ ಒಮ್ಮೆಲೇ ಹೆಚ್ಚು ಡೆಕ್ಸ್‌ಟ್ರೋಸ್ ಕೊಟ್ಟರೆ ಗಡ್ಡೆ ಇನ್ನಷ್ಟು ಇನ್ಸುಲಿನ್ ಸುರಿಸಿ ಸಕ್ಕರೆ ಮತ್ತೆ ಕುಸಿಯಬಹುದು. ಚಿತ್ರದಲ್ಲಿ ರಕ್ತನಾಳಗಳು ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ದ್ರವ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಅವುಗಳ ಸ್ಥಿತಿಯನ್ನೂ ಮೊದಲೇ ತಿಳಿದಿರಬೇಕು.

ಅರಿವಳಿಕೆ ಕೊಟ್ಟ ಮೇಲೆ, ಕಾಂಟ್ರಾಸ್ಟ್ ಇಲ್ಲದೆ ಇಡೀ ಹೊಟ್ಟೆಯ ಒಂದು ಸ್ಕ್ಯಾನ್ ತೆಗೆಯಲಾಗುತ್ತದೆ. ಪದರಗಳು 1ರಿಂದ 2 ಮಿಲಿಮೀಟರಿನಷ್ಟು ತೆಳುವಾಗಿರಬೇಕು, ಉಸಿರಾಟದ ಅಲುಗಾಟವನ್ನು ಕೆಲ ಕ್ಷಣ ತಡೆಯಬೇಕು. ಬಳಿಕ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು, ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 600ರಿಂದ 800 ಮಿಲಿಗ್ರಾಂ ಅಯೋಡಿನ್ ಲೆಕ್ಕದಲ್ಲಿ, ರಕ್ತನಾಳಕ್ಕೆ ಕೊಡಲಾಗುತ್ತದೆ. ಮಿಲಿಲೀಟರಿಗೆ 300 ಮಿಲಿಗ್ರಾಂ ಇರುವ ದ್ರವವಾದರೆ 10 ಕಿಲೋ ತೂಕದ ನಾಯಿಗೆ ಸುಮಾರು 20ರಿಂದ 27 ಮಿಲಿಲೀಟರ್ ಬೇಕಾಗುತ್ತದೆ.

ಇಡೀ ಪರೀಕ್ಷೆಯ ಗುಟ್ಟು ಇರುವುದು ಇದರ ಮುಂದಿನ ಕೆಲವು ಸೆಕೆಂಡುಗಳಲ್ಲಿ. ಇನ್ಸುಲಿನೋಮದಲ್ಲಿ ರಕ್ತನಾಳಗಳು ದಟ್ಟವಾಗಿದ್ದರೆ, ದ್ರವವು ಅಪಧಮನಿಗಳನ್ನು ತುಂಬಿದ ಕೂಡಲೇ ಗಡ್ಡೆ ಸುತ್ತಲಿನ ಗ್ರಂಥಿಗಿಂತ ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಗ್ರಂಥಿಯೂ ಅಷ್ಟೇ ಬೆಳ್ಳಗಾಗಿ ಅಂತರ ಅಳಿಸಿಹೋಗುತ್ತದೆ. ನಾಯಿಯ ಗಾತ್ರಕ್ಕೂ ಹೃದಯದ ಬಡಿತಕ್ಕೂ ತಕ್ಕಂತೆ ಆ ಗಳಿಗೆ ಬದಲಾಗುವುದರಿಂದ, ಗಡಿಯಾರವನ್ನು ನಂಬುವ ಬದಲು ಮಹಾಪಧಮನಿಗೆ ದ್ರವ ತಲುಪಿದ್ದನ್ನು ಯಂತ್ರವೇ ಗುರುತಿಸಿ ಸ್ಕ್ಯಾನ್ ಆರಂಭಿಸುವ ವಿಧಾನ ಮೇಲು. ಹಾಗೆಂದು ಅಷ್ಟಕ್ಕೇ ನಿಲ್ಲಿಸಬಾರದು. ಕೆಲವು ಗಡ್ಡೆಗಳು ದ್ರವವು ಅಭಿಧಮನಿಗಳಿಗೆ ಬಂದ ಹಂತದಲ್ಲಿ ಮಾತ್ರ ಕಾಣುತ್ತವೆ, ಇನ್ನು ಕೆಲವು ಬೆಳ್ಳಗಾಗುವ ಬದಲು ಕಪ್ಪಗೆ ಉಳಿಯುತ್ತವೆ; ಆ ಹಂತದಲ್ಲೂ, ಕೆಲವು ನಿಮಿಷ ತಡೆದೂ ಮತ್ತೆ ಚಿತ್ರ ತೆಗೆಯಬೇಕಾದದ್ದು ಇದಕ್ಕಾಗಿಯೇ.

ಚಿತ್ರಗಳನ್ನು ಓದುವಾಗ ಸಣ್ಣ ಕರುಳಿನ ಆರಂಭದ ಪಕ್ಕದಲ್ಲಿ ಸಾಗುವ ಬಲ ಹಾಲೆ, ಜಠರದ ಹಿಂದಿನಿಂದ ಗುಲ್ಮದ ಕಡೆಗೆ ಚಾಚುವ ಎಡ ಹಾಲೆ, ಇವೆರಡನ್ನೂ ಕೂಡಿಸುವ ನಡುಭಾಗ, ಹೀಗೆ ಗ್ರಂಥಿಯನ್ನು ತುದಿಯಿಂದ ತುದಿಗೆ ಹಿಂಬಾಲಿಸಬೇಕು. ಒಂದು ಗಡ್ಡೆ ಸಿಕ್ಕಿತೆಂದು ಹುಡುಕಾಟ ಬಿಡಬಾರದು. ಈ ರೋಗ ಹೆಚ್ಚಾಗಿ ಹರಡುವುದು ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಮತ್ತು ಯಕೃತ್ತಿಗೆ. ಆದರೆ ವಯಸ್ಸಾದ ನಾಯಿಗಳ ಮೇದೋಜೀರಕ ಗ್ರಂಥಿಯಲ್ಲೂ ಯಕೃತ್ತಿನಲ್ಲೂ ನಿರಪಾಯಕಾರಿ ಗಂಟುಗಳು ಸಾಮಾನ್ಯ. ಉಬ್ಬಿದ ದುಗ್ಧಗ್ರಂಥಿಯನ್ನೆಲ್ಲ ಕ್ಯಾನ್ಸರ್ ಎಂದು ಬರೆದು ನಾಯಿಗೆ ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸುವುದು ತಪ್ಪು. ಅದನ್ನು ನಿರ್ಧರಿಸಬೇಕಾದದ್ದು ಅಂಗಾಂಶ ಪರೀಕ್ಷೆ.

ಸ್ಕ್ಯಾನ್ ಮುಗಿದ ಮೇಲೂ ಸಕ್ಕರೆಯನ್ನು ಅಳೆಯುತ್ತಿರಬೇಕು. ನಾಯಿ ಪೂರ್ತಿ ಎಚ್ಚರಗೊಂಡು ಸರಿಯಾಗಿ ನುಂಗಬಲ್ಲದೆಂದು ಖಚಿತವಾದ ಕೂಡಲೇ ಸ್ವಲ್ಪ ಆಹಾರ ಕೊಟ್ಟು, ಆ ಬಳಿಕವೇ ಡೆಕ್ಸ್‌ಟ್ರೋಸನ್ನು ಹಂತಹಂತವಾಗಿ ತಗ್ಗಿಸಬೇಕು.